ಪಂಚಾಂಗ ನೋಡಿ ರಾಜಹಂಸ ಕಂಡೆವು

ಮುಂಬಯಿಯಲ್ಲಿ ಸಂಸಾರ ಹೂಡಿರುವ ನಮ್ಮಂಥವರ ಮನೆಗೆ ಊರಿನಿಂದ ಹಿರಿಯರು ಬಂದರೆಂದರೆ, ಅವರಿಗೆ ತೋರಿಸಬೇಕಾದ ಸ್ಥಳಗಳ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಗೇಟ್‌ವೇ, ಮರೀನ್ ಡ್ರೈವ್; ಹೊತ್ತು ಉಳಿದರೆ ಜುಹೂ ಕಡಲದಂಡೆ. ಈ ಸಲ ಮಾಘಮಾಸದಲ್ಲಿ ಕುಂದಾಪುರದ ಕಡೆಯಿಂದ ನಮ್ಮ ತೀರ್ಥರೂಪರು ಸಾಂತಾಕ್ರೂಜ್‌ಗೆ ಬಂದಾಗಲೂ ಅದೇ ಪಟ್ಟಿ ಹಿಡಿದು ಕುಳಿತಿದ್ದೆವು. ನಮಗೆ ಸಿಕ್ಕಿದ್ದು ಶುಕ್ರವಾರ, ಶನಿವಾರ, ಭಾನುವಾರ ಹೀಗೆ ಮೂರೇ ದಿನದ ರಜೆ. ಸೋಮವಾರ ಅವರ ಗಾಡಿ.

ಅವರಿಗೆ ಈಗ ಎಂಬತ್ತೆರಡು ವರ್ಷ. ಒಂದು ಕಣ್ಣು ಚೆನ್ನಾಗಿ ಕಾಣುವುದಿಲ್ಲ. ಗದ್ದೆ, ತೋಟ, ಹೊಳೆ ಎಂದು ಓಡಾಡಿದ ಜೀವಕ್ಕೆ ಎರಡನೆಯ ಮಹಡಿಯ ಮನೆ ಸೆರೆಮನೆಯಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಬಂದ ರಾತ್ರಿಯೇ, "ನಾಳೆಯೇ ಹೋದರಾಗದೆ?" ಎಂದು ಕೇಳಿದರು. ಇನ್ನೊಮ್ಮೆ ಬರುತ್ತಾರೆಂಬ ಭರವಸೆ ನಮಗೂ ಇರಲಿಲ್ಲ, ಅವರಿಗೂ ಇರಲಿಲ್ಲ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಬಾಲ್ಕನಿಯಿಂದ ಅವರ ಕೂಗು ಕೇಳಿಸಿತು. ಗಾಬರಿಯಿಂದ ಓಡಿಹೋದೆವು. ಕೆಳಗೆ ನೀರಿನ ತೊಟ್ಟಿಯ ಪಕ್ಕದ ತೇವದಲ್ಲಿ ಹಳದಿ ಹೊಟ್ಟೆಯ ಪುಟ್ಟ ಹಕ್ಕಿಯೊಂದು ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ನಡೆಯುತ್ತಿತ್ತು. "ಕುಂಡೆಕುಸ್ಕ! ಇಲ್ಲಿಗೂ ಬಂದಿದೆಯಲ್ಲ!" ಎಂದು ಅವರು ನಕ್ಕರು. ಪುಸ್ತಕದಲ್ಲಿ ಅದರ ಹೆಸರು ಬೂದು ಸಿಪಿಲೆ. ಬೇಸಿಗೆಯನ್ನು ಹಿಮಾಲಯದಲ್ಲಿಯೋ ಅದಕ್ಕೂ ಉತ್ತರದಲ್ಲಿಯೋ ಕಳೆದು, ಮಳೆಗಾಲ ಮುಗಿಯುವಾಗ ನಮ್ಮ ಕಡೆಗೆ ಇಳಿಯುವ ಹಕ್ಕಿ ಅದು. ಪಕ್ಷಿತಜ್ಞ ಸಲೀಂ ಅಲಿಯವರು (1896-1987) ಮುಂಬಯಿಯವರೇ. ಕಾಲಿಗೆ ಉಂಗುರ ತೊಡಿಸಿದ ಇಂಥದೊಂದು ಸಿಪಿಲೆ ಈ ಊರಿನ ಉಪನಗರವೊಂದರ ಅದೇ ಪುಟ್ಟ ಹುಲ್ಲುಹಾಸಿಗೆ ವರ್ಷವರ್ಷವೂ ಮರಳಿ ಬರುತ್ತಿದ್ದುದನ್ನು ಅವರು ಬರೆದಿದ್ದಾರೆ. ಇದನ್ನು ಕೇಳಿದ ತೀರ್ಥರೂಪರು, "ಹಾಗಾದರೆ ಅದಕ್ಕೂ ಬಾಡಿಗೆ ಮನೆ ಉಂಟು" ಎಂದರು.

ಪಟ್ಟಿ ಬದಲಾಯಿತು. ಚಳಿಗಾಲದ ಹಕ್ಕಿಗಳನ್ನೇ ತೋರಿಸೋಣವೆಂದು ನಿಶ್ಚಯಿಸಿದೆವು. ಯುರೋಪಿನ ಜನರು ರಾಜಹಂಸಗಳನ್ನು ಕಾಣಲು ಫ್ರಾನ್ಸಿನ ದಕ್ಷಿಣ ಕರಾವಳಿಯ ಕಮಾರ್ಗ್ ಎಂಬ ಜೌಗುಭೂಮಿಗೆ ರಜೆ ಹಾಕಿ ಹೋಗುತ್ತಾರಂತೆ. ನಮಗೋ, ಹಾರ್ಬರ್ ಲೈನಿನ ಲೋಕಲ್ ಹತ್ತಿದರೆ ಸಾಂತಾಕ್ರೂಜ್‌ನಿಂದ ಗಾಡಿ ಬದಲಿಸದೆ ಶಿವಡಿ ಸಿಗುತ್ತದೆ. ಅಂದೇ ಮಧ್ಯಾಹ್ನ ಊಟ ಮುಗಿಸಿ ಹೊರಟು, ನಾಲ್ಕು ಗಂಟೆಗೆ ಶಿವಡಿಯ ಹಳೆಯ ಧಕ್ಕೆಯ ಬಳಿ ನಿಂತೆವು.

ಕಂಡದ್ದೇನು? ಕಣ್ಣು ಹಾಯುವಷ್ಟು ದೂರ ಕೆಸರು. ಅದರಾಚೆ 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವೆ. ಕೆಸರಿನ ಅಂಚಿನಲ್ಲಿ ತೆಳುವಾದ ಗುಲಾಬಿ ಗೆರೆ. ಅದೇ ರಾಜಹಂಸಗಳೆಂದು ಮಗಳು ದುರ್ಬೀನು ಹಿಡಿದು ತೋರಿಸಿದಳು. ಅಜ್ಜನ ಕಣ್ಣಿಗೆ ಏನೂ ನಿಲುಕಲಿಲ್ಲ. ಅವರು ಕೆಸರನ್ನೇ ಸ್ವಲ್ಪ ಹೊತ್ತು ನೋಡಿ, "ಈ ಹೊತ್ತಿಗೆ ಬರಬೇಕೆಂದು ಯಾರು ಹೇಳಿದರು?" ಎಂದರು. ಯಾರೂ ಹೇಳಿರಲಿಲ್ಲ, ನಮ್ಮ ಅನುಕೂಲ ಹೇಳಿತ್ತು. "ಇವತ್ತು ತ್ರಯೋದಶಿ. ತ್ರಯೋದಶಿಯ ನಾಲ್ಕು ಗಂಟೆಗೆ ಇಳಿತವಲ್ಲದೆ ಮತ್ತೇನು? ನಮ್ಮ ಅಳಿವೆಯ ಹುಡುಗರಿಗೂ ಗೊತ್ತಿರುವ ಲೆಕ್ಕ."

ರಾತ್ರಿ ಅಡಿಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರ್ ಇಳಿಸಿ ಆ ಲೆಕ್ಕವನ್ನು ಮೊಮ್ಮಗಳಿಗೆ ಕಲಿಸಿದರು. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ ಹತ್ತಿರ ಹತ್ತಿರ ಸಿಗುತ್ತದೆ. ಚೌತಿಗೆ ಮೂರು ಗಂಟೆ, ಅಷ್ಟಮಿಗೆ ಆರು, ತ್ರಯೋದಶಿಗೆ ಒಂಬತ್ತೂ ಮುಕ್ಕಾಲು, ಹುಣ್ಣಿಮೆಗೆ ಹನ್ನೊಂದೂ ಕಾಲು. ಕೊಂಕಣ ಕರಾವಳಿಯ ಬೆಸ್ತರ ಲೆಕ್ಕವಿದು. ಚಂದ್ರನು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ಉಬ್ಬರವೂ ಅಷ್ಟೇ ತಡವಾಗುತ್ತ ಹೋಗುತ್ತದೆ. ಮುಕ್ಕಾಲು ಗಂಟೆಯೆಂದರೆ 45 ನಿಮಿಷ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಯ ಮೇಲೆ ಸ್ವಲ್ಪ. ಹಕ್ಕಿಗಳು ಗಡಿಯಾರ ನೋಡುವುದಿಲ್ಲ, ನೀರು ನೋಡುತ್ತವೆ. ನೀರು ಇಳಿದಾಗ ದೂರದ ಕೆಸರಿಗೆ ಮೇಯಲು ಹೋಗುತ್ತವೆ, ಏರುತ್ತ ಬಂದಾಗ ದಡದತ್ತ ಸರಿಯುತ್ತವೆ, ಪೂರ್ತಿ ತುಂಬಿದರೆ ಹಾರಿ ಬೇರೆ ಕೊಳಗಳನ್ನು ಹುಡುಕುತ್ತವೆ. ಆದ್ದರಿಂದ ಉಬ್ಬರಕ್ಕೆ ಎರಡು ಮೂರು ಗಂಟೆ ಮೊದಲು ಹೋಗುವುದು ಲೇಸು.

ಹಾಗಾಗಿ ಭಾನುವಾರದ ಹುಣ್ಣಿಮೆಯ ಬೆಳಗನ್ನು ಹಕ್ಕಿಗಳಿಗೆ ಮೀಸಲಿಟ್ಟು, ಉಳಿದುದೆಲ್ಲವನ್ನೂ ಅದರ ಸುತ್ತ ಜೋಡಿಸಿದೆವು. ಸಿದ್ಧಿವಿನಾಯಕನ ದರ್ಶನ ಶನಿವಾರ ಬೆಳಿಗ್ಗೆಗೆ ಬಂತು. ಭಾನುವಾರ ಬಂಧುಗಳ ಮನೆಯಲ್ಲಿದ್ದ ಊಟ ರಾತ್ರಿಗೆ ಹೋಯಿತು. ಅವರು ಇನ್ನೂ ಕೊಂಚ ಮುನಿದಿದ್ದಾರೆ. ಈ ಪತ್ರಿಕೆಯ ಓದುಗರೂ ಆಗಿರುವುದರಿಂದ ಇಲ್ಲಿಯೇ ಕ್ಷಮೆ ಕೇಳಿಬಿಡುತ್ತೇವೆ.

ಶನಿವಾರ ಸಂಜೆ ಜುಹೂಗೆ ಹೋದೆವು. ಒದ್ದೆ ಮರಳಿನ ಮೇಲೆ ಕಡಲಕ್ಕಿಗಳ ಹಿಂಡು. ಲಡಾಖ್, ಟಿಬೆಟ್ಟಿನ ಸರೋವರಗಳ ಬಳಿ ಮರಿಮಾಡುವ ಕಂದುತಲೆಯ ಕಡಲಕ್ಕಿಗಳು ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಜನರು ಪೊಟ್ಟಣದ ಸೇವ್ ಎರಚುತ್ತಿದ್ದರು. ಉಪ್ಪು, ಎಣ್ಣೆಯ ತಿನಿಸು ಹಕ್ಕಿಗಳಿಗೆ ಹಿತವಲ್ಲ. ಮಕ್ಕಳ ಕೈಗೆ ಪೊಟ್ಟಣ ಕೊಡುವ ತಾಯಂದಿರು ದಯವಿಟ್ಟು ಇದನ್ನು ಗಮನಿಸಬೇಕು.

ಭಾನುವಾರ ಬೆಳಿಗ್ಗೆ ಐರೋಲಿಗೆ ಹೊರಟೆವು. ಮುಂಬಯಿಗೂ ನವಿ ಮುಂಬಯಿಗೂ ನಡುವೆ ಇರುವ ಠಾಣೆ ಖಾರಿಯ ಸುಮಾರು 17 ಚದರ ಕಿಲೋಮೀಟರು ಪ್ರದೇಶವನ್ನು ಸರ್ಕಾರವು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಅದಕ್ಕೆ ರಾಮ್‌ಸಾರ್ ಮನ್ನಣೆಯೂ ದೊರೆಯಿತು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕಡಲಜೀವಿ ಕೇಂದ್ರವಿದ್ದು, ಅಲ್ಲಿಂದ ದೋಣಿಯಲ್ಲಿ ಕರೆದೊಯ್ಯುತ್ತಾರೆ. ದೋಣಿಯ ವೇಳೆ ಉಬ್ಬರವನ್ನು ಅನುಸರಿಸಿ ದಿನದಿನವೂ ಬದಲಾಗುತ್ತದೆ. ಹೋಗುವ ಮೊದಲು ವಿಚಾರಿಸಿಕೊಳ್ಳಬೇಕು. ನಾವು ವಿಚಾರಿಸಿದಾಗ ಅವರು ಹೇಳಿದ ವೇಳೆ ಅಜ್ಜನ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ದೋಣಿ ಎರಡು ಕಡೆಯ ಹಸಿರಿನ ನಡುವೆ ಸಾಗಿತು. "ಕಾಂಡ್ಲಾ!" ಎಂದರು ತೀರ್ಥರೂಪರು. ಊರ ಹೊಳೆಯಂಚಿನ ಗಿಡವನ್ನು ಮುಂಬಯಿಯಲ್ಲಿ ಕಂಡದ್ದು ಅವರಿಗೆ ನಂಟರನ್ನು ಕಂಡಂತಾಯಿತು. ಬೆಳ್ಳಕ್ಕಿ, ಮಿಂಚುಳ್ಳಿ, ಕೆಸರು ಕೆದಕುವ ಗೊರವಗಳನ್ನು ನಮಗಿಂತ ಮೊದಲು ಗುರುತಿಸಿದವರು ಅವರೇ. ರೂಪಕ್ಕಿಂತ ನಡಿಗೆಯಿಂದ ಹಕ್ಕಿಯನ್ನು ತಿಳಿಯುತ್ತಾರೆ.

ತಿರುವಿನಲ್ಲಿ ರಾಜಹಂಸಗಳು ಕಂಡವು. ನೂರಾರು ಹಕ್ಕಿಗಳು ಉದ್ದ ಕೊರಳು ಬಗ್ಗಿಸಿ, ತಲೆಯನ್ನು ತಲೆಕೆಳಗು ಮಾಡಿ ನೀರಿನಲ್ಲಿ ಅದ್ದಿ ಮೇಯುತ್ತಿದ್ದವು. ನಾಲಿಗೆಯಿಂದ ನೀರನ್ನು ಒಳಗೆಳೆದು, ಕೊಕ್ಕಿನ ಅಂಚಿನ ಜಾಲರಿಯಲ್ಲಿ ಪಾಚಿಯನ್ನು ಸೋಸಿಕೊಳ್ಳುವುದು ಅವುಗಳ ಕ್ರಮ. ಮೈಯ ಗುಲಾಬಿ ಬಣ್ಣವೂ ಆ ಆಹಾರದಿಂದಲೇ. ಹೆಚ್ಚಿನವು ಕಪ್ಪುಗೆಂಪು ಕೊಕ್ಕಿನ ಸಣ್ಣ ರಾಜಹಂಸಗಳು. ಕಚ್ಛದ ರಣದಲ್ಲಿ ಮರಿಮಾಡುವ ಇವು ಚಳಿಗಾಲದಲ್ಲಿ ಬಂದು ಮಳೆಯ ತನಕ ಇಲ್ಲಿರುತ್ತವೆ. 1990ರ ದಶಕದಿಂದೀಚೆಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. ನಗರದ ಕೊಳೆನೀರು ಖಾರಿಯಲ್ಲಿ ಪಾಚಿಯನ್ನು ಬೆಳೆಸಿದ್ದೂ ಅದಕ್ಕೊಂದು ಕಾರಣವೆನ್ನುತ್ತಾರೆ.

ದುರ್ಬೀನನ್ನು ಅಜ್ಜನ ಕಣ್ಣಿಗೆ ಹೊಂದಿಸುವ ಯತ್ನದಲ್ಲಿದ್ದಾಗಲೇ ಹಿಂಡು ಎದ್ದಿತು. ಮಡಿಸಿದ ರೆಕ್ಕೆಗಳು ಬಿಚ್ಚಿದಾಗ ಒಳಗಿನ ಕೆಂಪೂ ಕಪ್ಪೂ ಒಮ್ಮೆಲೇ ಆಕಾಶದಲ್ಲಿ ಹರಡಿದವು. ತೀರ್ಥರೂಪರು ದುರ್ಬೀನನ್ನು ಪಕ್ಕಕ್ಕೆ ಸರಿಸಿ, "ಇದು ಬೇಡ. ಕಾಣುತ್ತದೆ, ಕಾಣುತ್ತದೆ" ಎಂದರು. ಮೊಮ್ಮಗಳ ಕೈ ಹಿಡಿದವರು ದೋಣಿ ದಡ ಸೇರುವವರೆಗೆ ಬಿಡಲಿಲ್ಲ.

ಮರಳುವಾಗ ಸಾಂತಾಕ್ರೂಜ್ ಸಮೀಪಿಸಿದಂತೆ ವಿಮಾನವೊಂದು ಛಾವಣಿಗಳ ಮೇಲೆ ಇಳಿದುಹೋಯಿತು. "ಇಷ್ಟೊಂದು ವಿಮಾನಗಳ ನಡುವೆ ಅವು ಹೇಗೆ ಹಾರುತ್ತವೆ?" ಎಂದು ಕೇಳಿದರು. 2024ರ ಮೇ 20ರ ರಾತ್ರಿ ಘಾಟ್‌ಕೋಪರ್ ಬಳಿ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ 39 ರಾಜಹಂಸಗಳು ಸತ್ತ ಸಂಗತಿಯನ್ನು ಹೇಳಬೇಕಾಯಿತು. ಉಬ್ಬರದಲ್ಲಿ ಅವು ತಂಗುವ ನವಿ ಮುಂಬಯಿಯ ಕೊಳಗಳನ್ನು ಉಳಿಸಿರೆಂದು ಅಲ್ಲಿನ ಜನ ಕೇಳುತ್ತಿರುವುದನ್ನೂ ಹೇಳಿದೆವು. "ನೀರು ಏರಿದಾಗ ನಿಲ್ಲಲು ಒಂದು ಜಾಗ ಬೇಡವೆ?" ಎಂದಷ್ಟೇ ಅಂದರು.

ಸೋಮವಾರ ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧಾ ಹತ್ತಿಸಿ ಬಂದೆವು. ಮನೆಗೆ ಬಂದು ನೋಡಿದರೆ, ಕ್ಯಾಲೆಂಡರಿನಲ್ಲಿ ಫಾಲ್ಗುಣದ ಅಮಾವಾಸ್ಯೆ, ಹುಣ್ಣಿಮೆಗಳ ಪಕ್ಕದಲ್ಲಿ ಅವರು ಪೆನ್ಸಿಲಿನಿಂದ ಗಂಟೆಗಳನ್ನು ಬರೆದಿಟ್ಟಿದ್ದರು. ಮಾರನೆಯ ಬೆಳಿಗ್ಗೆ ಊರು ತಲುಪಿ ಫೋನು ಮಾಡಿದರು. ಪ್ರಯಾಣ ಸುಖವಾಯಿತೇ ಎಂದು ನಾವು ಕೇಳುವ ಮೊದಲೇ ಅವರು ಕೇಳಿದ್ದು ಇದು: "ತೊಟ್ಟಿಯ ಹತ್ತಿರ ಅದು ಇದೆಯೋ?"

ಬಗ್ಗಿ ನೋಡಿದೆವು. ಇತ್ತು.