ಕಾರಣ ಬೇರೆ, ಹಾಡು ಬೇರೆ

ಮಕ್ಕಳಿಗೆ ಪಾಠ ಹೇಳುವ ಹೆಂಗಸಿಗೆ ಎಂಥ ಸಂಗೀತ ಹಿಡಿಸಬೇಕು ಎಂಬುದನ್ನು ನಮ್ಮ ಊರುಗಳಲ್ಲಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಬೆಳಿಗ್ಗೆ ಸುಪ್ರಭಾತ, ಸಂಜೆ ದೇವರನಾಮ, ಬಿಡುವಿದ್ದರೆ ಭಾವಗೀತೆ. ಇವೆಲ್ಲ ನನಗೂ ಇಷ್ಟವೇ. ಜೊತೆಗೆ ಅಮೆರಿಕದ ‘ಮೆಟಾಲಿಕಾ’ ಬ್ಯಾಂಡೂ ಇಷ್ಟ ಎಂದರೆ ಮಾತ್ರ ಸ್ಟಾಫ್ ರೂಮಿನಲ್ಲಿ ಬಾಯಿಗೆ ಹೊರಟ ಕಾಫಿ ಲೋಟಗಳು ಅರ್ಧದಲ್ಲೇ ನಿಲ್ಲುತ್ತವೆ. “ಆ ಕೂಗಾಡೋದಾ ಮಿಸ್?” ಎನ್ನುತ್ತಾರೆ. ಹೌದು, ಅದೇ.

ಈ ಹುಚ್ಚು ಹತ್ತಿಸಿದವನು ನನ್ನ ತಮ್ಮ. 1991ರಲ್ಲಿ ನಾನು ಬಿ.ಎಡ್. ಓದುತ್ತಿದ್ದಾಗ ಕಪ್ಪು ಹೊದಿಕೆಯ ಅವರ ಕ್ಯಾಸೆಟ್ಟೊಂದನ್ನು ತಂದ. ಆಮೇಲೆ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಕೇಳಿಸಿದ. ಮೊದಲು ಬರೀ ಗದ್ದಲ ಎನಿಸಿತು. ನಾಲ್ಕು ಸಲ ಕೇಳಿದ ಮೇಲೆ ಗದ್ದಲದೊಳಗಿನ ಲೆಕ್ಕಾಚಾರ ಕಿವಿಗೆ ಬಿತ್ತು. ನಮ್ಮ ಕಚೇರಿಗಳ ತನಿ ಆವರ್ತನದಂತೆ ಹಾಡಿನ ನಡುವೆ ಕರ್ಕ್ ಹ್ಯಾಮೆಟ್ ಒಬ್ಬನೇ ಗಿಟಾರು ಮೆರೆಸುವ ಘಟ್ಟ ಬರುತ್ತದೆ. ಅಲ್ಲಿಯವರೆಗೆ ಬಿಗಿಹಿಡಿದ ಸಿಟ್ಟೆಲ್ಲ ಅಲ್ಲಿ ರಾಗವಾಗಿ ಹರಿಯುತ್ತದೆ. ಮದುವೆಯಾಗಿ, ಕೆಲಸಕ್ಕೆ ಸೇರಿದ ಮೇಲೆ ನನ್ನ ಸಿಟ್ಟಿಗೆ ಮನೆಯಲ್ಲೂ ಜಾಗವಿರಲಿಲ್ಲ, ಶಾಲೆಯಲ್ಲೂ ಇರಲಿಲ್ಲ. ಅದನ್ನು ಇವರು ನನ್ನ ಪರವಾಗಿ ಕೂಗಿ ಹೇಳುತ್ತಿದ್ದರು.

ಹಾಗಾಗಿ 2003ರ ಜೂನ್‌ನಲ್ಲಿ ‘ಸೇಂಟ್ ಆಂಗರ್’ ಬಂದಾಗ ಹಬ್ಬಕ್ಕೆ ಕಾದಂತೆ ಕಾದಿದ್ದೆ. ಸ್ವಂತ ಹಾಡುಗಳ ಆಲ್ಬಂ ಬಂದು ಐದು ವರ್ಷ ಮೀರಿತ್ತು. ತಮ್ಮ ಸಿ.ಡಿ. ಕಳಿಸಿದ. ಅಡುಗೆ ಮುಗಿಸಿ, ಅತ್ತೆ ಮಲಗಿದ ಮೇಲೆ ಹಾಕಿಕೊಂಡು ಕೂತೆ. ನಮ್ಮವರು ಬಾಗಿಲಲ್ಲಿ ಇಣುಕಿ, “ಯಾರೇ ಅದು ಬಿಂದಿಗೆ ಬಡೀತಿರೋದು?” ಎಂದರು. ನನಗೆ ನಗು ಬರಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ಸ್ನೇರ್ ಡ್ರಮ್ಮಿನ ಕೆಳಮೈಗೆ ತಂತಿಗಳಿರುತ್ತವೆ. ಪೆಟ್ಟಿಗೆ ಗರಿಗರಿಯಾದ ಸದ್ದು ಬರುವುದು ಅವುಗಳಿಂದ. ಲಾರ್ಸ್ ಉಲ್ರಿಕ್ ಅವನ್ನು ಸಡಿಲಬಿಟ್ಟು ನುಡಿಸಿದ್ದ. ಹನ್ನೊಂದು ಹಾಡು, ಎಪ್ಪತ್ತೈದು ನಿಮಿಷ. ಹ್ಯಾಮೆಟ್‌ನ ತನಿ ಒಂದೂ ಇಲ್ಲ. ಪುಟ ತುಂಬಿಸಲೆಂದು ಹೇಳಿದ್ದನ್ನೇ ಹೇಳುವ ಹುಡುಗರ ಪ್ರಬಂಧದಂತೆ ಹಾಡುಗಳು ಎಳೆದುಕೊಂಡು ಹೋದವು.

ಫೋನಿನಲ್ಲಿ ತಮ್ಮ ವಕಾಲತ್ತು ವಹಿಸಿದ. “ಅಕ್ಕ, ಅವರು ಏನೇನು ಪಟ್ಟರು ಗೊತ್ತಾ?” 2001ರಲ್ಲಿ ಬಾಸ್ ಗಿಟಾರಿನ ಜೇಸನ್ ನ್ಯೂಸ್ಟೆಡ್ ಬಿಟ್ಟುಹೋದ. ಅದೇ ವರ್ಷ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡುವ ಚಿಕಿತ್ಸೆಗೆ ಸೇರಿದ. ತಿಂಗಳುಗಟ್ಟಲೆ ಧ್ವನಿಮುದ್ರಣ ನಿಂತಿತು. ಕೊನೆಗೆ ನಿರ್ಮಾಪಕ ಬಾಬ್ ರಾಕನೇ ಬಾಸ್ ನುಡಿಸಿದ. ಇದೆಲ್ಲವನ್ನೂ ತೋರಿಸುವ 2004ರ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಚಿತ್ರವನ್ನು ಆಮೇಲೆ ನೋಡಿದೆ. ಅಷ್ಟು ದೊಡ್ಡ ಗಂಡಸರು ಸಲಹೆಗಾರನ ಮುಂದೆ ಕೂತು ಒಡೆದ ಸಂಸಾರವನ್ನು ಜೋಡಿಸಲು ಒದ್ದಾಡುವುದು ಕಂಡು ಕರುಳು ಚುರ್ ಎಂದಿತು. ಮತ್ತೆ ಸಿ.ಡಿ. ಹಾಕಿದೆ. ಬಿಂದಿಗೆ ಬಿಂದಿಗೆಯಾಗಿಯೇ ಇತ್ತು. ಅದರ ಶೀರ್ಷಿಕೆ ಗೀತೆಗೆ 2004ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಬರಲಿ, ಕಿವಿ ನನ್ನದು.

ಕಾರಣ ಹುಡುಕುವುದರಲ್ಲಿ ನಾವು ಹೆಂಗಸರು ಬಹಳ ಪಳಗಿದವರು. “ಪಾಪ, ಅವರಿಗೇನು ತಲೆಬಿಸಿಯೋ” ಎಂದುಕೊಂಡು ಸಿಕ್ಕಿದ್ದನ್ನು ನುಂಗುತ್ತೇವೆ. ಅಷ್ಟಕ್ಕೇ ನಿಲ್ಲದೆ, ಚೆನ್ನಾಗಿತ್ತು ಎಂದೂ ಹೇಳುತ್ತೇವೆ. ಹೇಳಿ ಹೇಳಿ, ನಮಗೆ ನಿಜವಾಗಿ ಏನು ಇಷ್ಟ ಎಂಬುದೇ ಮರೆತುಹೋಗುತ್ತದೆ. ಜ್ವರದಲ್ಲಿ ಪರೀಕ್ಷೆ ಬರೆದ ಜಾಣೆಯ ತಲೆ ಸವರುತ್ತೇನೆ, ಮನೆಗೆ ಹೋಗಿ ಮಲಗಮ್ಮ ಎನ್ನುತ್ತೇನೆ. ಅಂಕ ಮಾತ್ರ ಬರೆದಷ್ಟಕ್ಕೇ. ಕರುಣೆಯಿಂದ ತೊಂಬತ್ತು ಕೊಟ್ಟರೆ, ಹಿಂದೆ ಅವಳೇ ಗಳಿಸಿದ ತೊಂಬತ್ತಕ್ಕೆ ಬೆಲೆಯೆಲ್ಲಿ?

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ತಮ್ಮನ ಜೊತೆ ನಾನೂ ಹೋಗಿದ್ದೆ. ‘ಮಾಸ್ಟರ್ ಆಫ್ ಪಪೆಟ್ಸ್’ ಶುರುವಾದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಟಲು ಹರಿಯುವಂತೆ ಕೂಗಿದೆ.

“ಸೇಂಟ್ ಆಂಗರನ್ನು ಈಗಲಾದರೂ ಒಪ್ಪಿಕೊಂಡೆಯಾ ಅಕ್ಕ?” ಎಂದ ತಮ್ಮ.

“ಇವರನ್ನು ಎಂದೋ ಒಪ್ಪಿಕೊಂಡಿದ್ದೇನೆ ಕಣೋ,” ಎಂದೆ. “ಆ ಬಿಂದಿಗೆಯನ್ನಲ್ಲ.”