ಬಾಗಿಲ ಪಕ್ಕದ ಶೆಲ್ಫು

ಎಂಬತ್ತರ ದಶಕದ ಬೆಂಗಳೂರಿನಲ್ಲಿ ಬಸವನಗುಡಿ, ಹನುಮಂತನಗರ, ಮಲ್ಲೇಶ್ವರ ಯಾವ ಕಡೆ ಹೋದರೂ ಒಂದಲ್ಲ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಸಿಗುತ್ತಿತ್ತು. ಒಂದೇ ಒಂದು ಮಳಿಗೆ, ಮೂರು ಗೋಡೆ ತುಂಬ ಪುಸ್ತಕ, ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಉದ್ದನೆಯ ಲೆಡ್ಜರು. ಡೆಪಾಸಿಟ್ ಕಟ್ಟಿ ಮೆಂಬರಾದರೆ ಪುಸ್ತಕದ ಬೆಲೆಯ ಹತ್ತನೇ ಒಂದು ಪಾಲು ಬಾಡಿಗೆ. ವಾರ ದಾಟಿದರೆ ಇನ್ನಷ್ಟು. ಡಿಗ್ರಿ ಮುಗಿಸಿ, ಎಲ್ಲಾದರೂ ಕೆಲಸ ಸಿಗುವ ತನಕ ಅಂತ ಅಂಥದೊಂದು ಮೇಜಿನ ಹಿಂದೆ ಕೂತವನು ನಾನು. ಆ ವ್ಯಾಪಾರ ಮುಗಿಯುವವರೆಗೂ ಎದ್ದಿದ್ದೇ ಇಲ್ಲ.

ಅಂಗಡಿ ನಡೆಯುತ್ತಿದ್ದದ್ದು ಕಾದಂಬರಿಗಳಿಂದ. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಆಮೇಲೆ ಯಂಡಮೂರಿ. ಮಳಿಗೆಯ ಬಾಡಿಗೆ, ನನ್ನ ಸಂಬಳ ಎರಡೂ ಅವರ ಕೃಪೆ. ಬಾಗಿಲ ಪಕ್ಕದ ಒಂದು ಶೆಲ್ಫು ಮಾತ್ರ ಬೇರೆ. ಬೇಟೆ, ಹಿಮಪರ್ವತ, ಸಮುದ್ರ, ಸೆರೆಮನೆಯಿಂದ ತಪ್ಪಿಸಿಕೊಂಡವರು, ದೇಶ ಸುತ್ತಿದವರು. ಆ ಶೆಲ್ಫಿನ ಗಿರಾಕಿಗಳು ಬ್ಯಾಂಕಿನ ಗುಮಾಸ್ತರು, ಎಚ್‌ಎಂಟಿ ಕಾರ್ಖಾನೆಯವರು, ಹೈಸ್ಕೂಲು ಹುಡುಗರು. ಎಲ್‌ಟಿಸಿ ಹಾಕಿ ಕನ್ಯಾಕುಮಾರಿ ನೋಡಿ ಬಂದದ್ದೇ ಜೀವಮಾನದ ದೊಡ್ಡ ಪ್ರಯಾಣ ಅನ್ನುವಂಥ ಜನ. ಒಬ್ಬರು ಅಜ್ಜಿಯೂ ಇದ್ದರು. ಈರುಳ್ಳಿ ಕೂಡ ಮುಟ್ಟದವರು, ಓದಿದರೆ ನರಭಕ್ಷಕ ಹುಲಿಗಳದ್ದೇ ಓದಬೇಕು. ‘ಹುಲಿ ಬೇಗ ಸತ್ತುಹೋಗೋ ಪುಸ್ತಕ ಕೊಡಬೇಡ ಕಣಪ್ಪಾ’ ಅಂತ ಮೊದಲೇ ಎಚ್ಚರಿಸುತ್ತಿದ್ದರು.

ಇವರೆಲ್ಲ ಪುಸ್ತಕ ತೆರೆಯುವ ಮುಂಚೆ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಇದು ನಿಜವಾಗ್ಲೂ ನಡೆದದ್ದಾ ಸಾರ್?’ ಕಾದಂಬರಿಯವರು ಯಾರೂ ಹಾಗೆ ಕೇಳಿದವರಲ್ಲ.

ಕೇಳುವವರಿದ್ದರು, ಕೊಡಲು ಪುಸ್ತಕವಿರಲಿಲ್ಲ. ಪ್ರವಾಸ ಕಥನ ಅಂದರೆ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’. ಕಾಡು ಸುತ್ತಬೇಕೆಂದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಒಂದಕ್ಕಿಂತ ಒಂದು ಚೆನ್ನ, ಸ್ವಾಮಿಯವರ ತಮಾಷೆಯಂತೂ ಇವತ್ತಿಗೂ ಹಳತಾಗಿಲ್ಲ. ಆದರೆ ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೊರಟ ಮೇಷ್ಟರು ಜೀವಸಹಿತ ವಾಪಸು ಬರುತ್ತಾರೋ ಇಲ್ಲವೋ ಅಂತ ಯಾರಿಗೂ ಅನುಮಾನ ಬರುವುದಿಲ್ಲವಲ್ಲ! ನಮ್ಮ ಹುಡುಗರಿಗೆ ಬೇಕಾಗಿದ್ದದ್ದು ಆ ಅನುಮಾನ.

ಅದನ್ನು ನಾವು ‘ಕಸ್ತೂರಿ’ಯಿಂದ ಪೂರೈಸುತ್ತಿದ್ದೆವು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ಈ ಮಾಸಪತ್ರಿಕೆಗೆ ಪಾ.ವೆಂ. ಆಚಾರ್ಯರು ಕೊಟ್ಟ ರೂಪದಲ್ಲಿ ಪುಸ್ತಕ ವಿಭಾಗ ಅನ್ನುವುದೊಂದಿತ್ತು. ಇಡೀ ಪುಸ್ತಕವೊಂದನ್ನು ಇಳಿಸಿ, ಸಾರ ಮಾಡಿ ಅಲ್ಲಿ ಹಾಕುತ್ತಿದ್ದರು. ಹಳೆಯ ಸಂಚಿಕೆಗಳನ್ನು ನಮ್ಮ ಯಜಮಾನರು ರದ್ದಿ ಅಂಗಡಿಯಿಂದ ತೂಕಕ್ಕೆ ತರುತ್ತಿದ್ದರು. ಪಿನ್ನು ಬಿಚ್ಚಿ, ಆ ಹಾಳೆಗಳನ್ನಷ್ಟೇ ಎತ್ತಿಟ್ಟುಕೊಂಡು, ಸಾಹಸದ್ದನ್ನು ಸಾಹಸದ ಜೊತೆ ಜೋಡಿಸಿ, ದಬ್ಬಣದಲ್ಲಿ ಹೊಲಿದು, ಮೈದಾ ಅಂಟಿನಿಂದ ರಟ್ಟು ಕೂರಿಸುವುದು ನನ್ನ ಮಧ್ಯಾಹ್ನದ ಕೆಲಸ. ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸದಿದ್ದರೆ ಜಿರಲೆ ತಿಂದುಬಿಡುತ್ತಿತ್ತು. ಬೆನ್ನಿಗೆ ಬಟ್ಟೆ ಪಟ್ಟಿ ಅಂಟಿಸಿ, ಮೇಲೆ ಶಾಯಿಯಲ್ಲಿ ‘ಸಾಹಸ 4’, ‘ಸಾಹಸ 7’ ಅಂತ ಬರೆದರೆ ಮುಗಿಯಿತು. ಆ ಹೆಸರಿನ ಪುಸ್ತಕಗಳು ಜಗತ್ತಿನ ಬೇರಾವ ಲೈಬ್ರರಿಯಲ್ಲೂ ಇರಲಿಕ್ಕಿಲ್ಲ.

ಇಂಗ್ಲಿಷಿನವು ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ಬರುತ್ತಿದ್ದವು. ಥಾರ್ ಹೆಯರ್ಡಾಲನ ‘ಕಾನ್-ಟಿಕಿ’ ಹಾಗೆ ಬಂದದ್ದು. 1947ರಲ್ಲಿ ಆರು ಜನ ಬಾಲ್ಸಾ ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ, ಪೆರುವಿನಿಂದ ತೇಲಿ, 101 ದಿನದ ಮೇಲೆ ಪಾಲಿನೇಷ್ಯದ ಹವಳದ ದಂಡೆಗೆ ಬಡಿದ ಕಥೆ. ಇಂಗ್ಲಿಷ್ ಬಾರದ ಮೆಂಬರುಗಳಿಗೆ ಯಜಮಾನರು ಅದನ್ನು ಮೇಜಿನ ಮೇಲೆ ಕಂತು ಕಂತಾಗಿ ಹೇಳುತ್ತಿದ್ದರು. ಮೊಳೆ ಇಲ್ಲದ ತೆಪ್ಪ ಯಾಕೆ ಮುಳುಗಲಿಲ್ಲ? ಅಲೆ ಮೇಲೆ ಬಿದ್ದರೂ ನೀರು ದಿಮ್ಮಿಗಳ ಸಂದಿಯಿಂದ ತಾನೇ ಇಳಿದುಹೋಗುತ್ತದೆ. ಹಗ್ಗ ಯಾಕೆ ಸವೆದು ಹರಿಯಲಿಲ್ಲ? ಬಾಲ್ಸಾ ಮೆತ್ತಗಿನ ಮರ, ಹಗ್ಗ ಅದರೊಳಗೇ ಕೊರೆದುಕೊಂಡು ಭದ್ರವಾಗಿ ಕೂತಿತು. ಕಾರ್ಖಾನೆಯ ಫಿಟ್ಟರೊಬ್ಬರು ಇದನ್ನು ಕೇಳಿ ತಲೆದೂಗಿದ್ದು ನೋಡಬೇಕಿತ್ತು. ಬಾಡಿಗೆ ಬಾರದ ಓದು ಅದು.

ಆಮೇಲೆ ತೇಜಸ್ವಿ ಬಂದರು. ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ಅವರು ‘ಕಾಡಿನ ಕಥೆಗಳು’ ಅಂತ ನಾಲ್ಕು ಭಾಗದಲ್ಲಿ ತಂದಾಗ ಆ ಶೆಲ್ಫಿನ ಮುಂದೆ ಜಗಳವೇ ಶುರುವಾಯಿತು. ಆಂಡರ್ಸನ್ ಬೆಂಗಳೂರಿನವನೇ, ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವನು, 1974ರಲ್ಲಿ ಇಲ್ಲೇ ತೀರಿಕೊಂಡವನು. ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಅನ್ನುವ ಹೆಸರು ನೋಡಿ, ದಿನಾ ಜಾಲಹಳ್ಳಿ ಬಸ್ಸು ಹತ್ತುವ ಮನುಷ್ಯ ಹೇಗೆ ಸುಮ್ಮನೆ ಹೋಗುತ್ತಾನೆ? ಅದರ ಹಿಂದೆಯೇ ಮೈಸೂರಿನ ಪುಸ್ತಕ ಪ್ರಕಾಶನದಿಂದ ಮಿಲೇನಿಯಂ ಸರಣಿಯ 16 ಪುಸ್ತಕಗಳು. ತೆಳ್ಳಗೆ, ಬೆಲೆ ಕಮ್ಮಿ. ಪ್ರದೀಪ ಕೆಂಜಿಗೆಯವರ ಜೊತೆಗೂಡಿ ಮಾಡಿದ ‘ಪ್ಯಾಪಿಲಾನ್’ ಬೇರೆ.

ನಮ್ಮ ಅಂಗಡಿಗೆ ಪೆಟ್ಟು ಕೊಟ್ಟದ್ದು ಟೀವಿ ಅಂತ ಎಲ್ಲರೂ ಹೇಳುತ್ತಾರೆ. ಕಾದಂಬರಿಗಳ ಮಟ್ಟಿಗೆ ಅದು ಸರಿ, ಸಂಜೆಯ ಧಾರಾವಾಹಿ ಬಂದ ಮೇಲೆ ಹೆಂಗಸರು ಬರುವುದು ಕಮ್ಮಿಯಾಯಿತು. ಬಾಗಿಲ ಪಕ್ಕದ ಶೆಲ್ಫನ್ನು ಖಾಲಿ ಮಾಡಿದ್ದು ಮಾತ್ರ ಟೀವಿಯಲ್ಲ, ಈ ತೆಳ್ಳನೆಯ ಪುಸ್ತಕಗಳೇ. ಜನ ಇವನ್ನು ಬಾಡಿಗೆಗೆ ಒಯ್ದು, ಓದಿ, ತಂದುಕೊಟ್ಟು, ಸೀದಾ ಗಾಂಧಿನಗರದ ಸಪ್ನಾಗೆ ಹೋಗಿ ಸ್ವಂತಕ್ಕೆ ಕೊಳ್ಳತೊಡಗಿದರು. ಹೊಟ್ಟೆಪಾಡಿನ ದೃಷ್ಟಿಯಿಂದ ನಾನು ಬೇಜಾರು ಮಾಡಿಕೊಳ್ಳಬೇಕಿತ್ತು. ಆಗಲಿಲ್ಲ. ಹೊಲಿಗೆ ಹಾಕಿದ ಕಸ್ತೂರಿ ಹಾಳೆ ಓದಿ ಬೆಳೆದ ಹುಡುಗ ತನ್ನ ಮಗನಿಗೆ ಹೊಸ ಪುಸ್ತಕ ಕೊಳ್ಳುವ ಹಾಗಾದರೆ ಅದನ್ನು ನಷ್ಟದ ಕಾಲಮ್ಮಿಗೆ ಹೇಗೆ ಬರೆಯುವುದು?

ಆ ಸರಣಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೈ ಬದಲಾಯಿಸಿದ್ದು ‘ಮಹಾಪಲಾಯನ’. ಸ್ಲಾವೊಮೀರ್ ರಾವಿಚ್ ಎಂಬ ಪೋಲಿಷ್ ಸೈನಿಕನ 1956ರ ಪುಸ್ತಕದ ಕನ್ನಡ ರೂಪ: ಸೈಬೀರಿಯಾದ ಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ ದಾಟಿ, ಹಿಮಾಲಯ ಹತ್ತಿಳಿದು, ಇಂಡಿಯಾಕ್ಕೆ ಕಾಲ್ನಡಿಗೆಯಲ್ಲಿ ಬಂದದ್ದು. ನಡುವೆ ಹಿಮಮಾನವರೂ ಕಾಣಿಸಿಕೊಳ್ಳುತ್ತಾರೆ. ಮೂಲ ಪ್ರಕಟವಾದಾಗಲೇ ಎರಿಕ್ ಶಿಪ್ಟನ್‌ರಂಥ ಪರ್ವತಾರೋಹಿಗಳು ಹುಬ್ಬೇರಿಸಿದ್ದರು. 2006ರಲ್ಲಿ ಬಿಬಿಸಿಯವರು ಹಳೆಯ ಸೋವಿಯತ್ ಕಡತಗಳನ್ನು ತೆಗೆದು ನೋಡಿದರೆ, ರಾವಿಚ್ ತಪ್ಪಿಸಿಕೊಂಡೇ ಇರಲಿಲ್ಲ. ಪೋಲಿಷ್ ಕೈದಿಗಳಿಗೆ ಸಿಕ್ಕ ಸಾರ್ವತ್ರಿಕ ಕ್ಷಮಾದಾನದಲ್ಲಿ 1942ರಲ್ಲಿ ಬಿಡುಗಡೆಯಾದವನು! ‘ಪ್ಯಾಪಿಲಾನ್’ ಬರೆದ ಆನ್ರಿ ಶಾರಿಯೇರ್ ಕೂಡ ಬೇರೆ ಕೈದಿಗಳ ಅನುಭವ ಸೇರಿಸಿಕೊಂಡಿದ್ದಾನೆಂಬ ತಕರಾರು ಹಳೆಯದು.

ಸುದ್ದಿ ತಿಳಿದ ಮೇಲೆ ನಾನು ಹಳೆಯ ಮೆಂಬರುಗಳಿಗೆಲ್ಲ ಹೇಳಿದೆ. ‘ನಿಜವಾಗ್ಲೂ ನಡೆದದ್ದಾ’ ಅಂತ ಕೇಳುತ್ತಿದ್ದವರೇ ತಾನೆ? ಒಬ್ಬರು ಸಿಟ್ಟಾದರು, ನನ್ನ ಮೇಲೆ. ಇನ್ನೊಬ್ಬರು, ನಿವೃತ್ತ ಪೋಸ್ಟ್‌ಮಾಸ್ಟರು, ಸ್ವಲ್ಪ ಹೊತ್ತು ಯೋಚಿಸಿ, ‘ಅವನು ನಡೀದೇ ಇದ್ದಿರಬಹುದು ಸ್ವಾಮಿ, ಗೋಬಿ ಮರುಭೂಮಿ ಇದೆಯೋ ಇಲ್ಲವೋ?’ ಅಂದರು. ಅವರ ಮನೆಯ ಗೋಡೆಯ ಮೇಲೆ ಏಷ್ಯಾದ ನಕ್ಷೆ ಇತ್ತು. ಪುಸ್ತಕ ಓದಿದ ಮೇಲೆ ತಂದು ಹಾಕಿಕೊಂಡದ್ದು, ಯಾಕುತ್ಸ್ಕ್‌ನಿಂದ ಕೆಳಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದರು. ನನ್ನ ಮಾತು ಕೇಳಿ ಅದನ್ನು ಅಳಿಸಿದಂತೆ ಕಾಣಲಿಲ್ಲ.

ಈಗ ಆ ಜಾಗದ ಪ್ರಯಾಣಿಕ ಫೋನಿನಲ್ಲಿದ್ದಾನೆ. ಯೂಟ್ಯೂಬಿನ ನಮ್ಮ ಡಾ. ಬ್ರೋ ಅಫ್ಘಾನಿಸ್ತಾನದ ಬೀದಿಯಲ್ಲಿ ನಿಂತು ಕನ್ನಡದಲ್ಲಿ ಮಾತಾಡುವಾಗ ‘ನಿಜಾನಾ’ ಅಂತ ಕೇಳುವ ಪ್ರಮೇಯವೇ ಇಲ್ಲ. ನಾನೂ ನೋಡುತ್ತೇನೆ, ಹುಡುಗ ಚುರುಕು. ಹಗ್ಗ ಯಾಕೆ ಹರಿಯಲಿಲ್ಲ ಅಂತ ವಿವರಿಸುವಷ್ಟು ಪುರುಸೊತ್ತು ಮಾತ್ರ ವಿಡಿಯೋಗಳಿಗೆ ಇರುವುದಿಲ್ಲ.

ಮಳಿಗೆ ಖಾಲಿ ಮಾಡಿದ ವಾರ ರದ್ದಿಯವನು ಬಂದು ಕಾದಂಬರಿಗಳನ್ನೆಲ್ಲ ತಕ್ಕಡಿಗೆ ಹಾಕಿದ. ಬಾಗಿಲ ಪಕ್ಕದ ಶೆಲ್ಫಿನಿಂದ ತೂಗುವುದಕ್ಕೆ ಹೆಚ್ಚೇನೂ ಸಿಗಲಿಲ್ಲ. ಲೆಡ್ಜರು ತೆಗೆದು ನೋಡಿದರೆ ಹೊರಗೇ ಉಳಿದ ಪುಸ್ತಕಗಳೆಲ್ಲ ಆ ಶೆಲ್ಫಿನವೇ. ‘ಸಾಹಸ 4’ ಅಜ್ಜಿಯ ಮೊಮ್ಮಗನ ಹೆಸರಿನಲ್ಲಿತ್ತು. ‘ಡೆಪಾಸಿಟ್ ಮುರ್ಕೊಂಡುಬಿಡಿ ಅಂಕಲ್, ಪುಸ್ತಕ ಕೊಡಲ್ಲ’ ಅಂತ ಫೋನಿನಲ್ಲೇ ಹೇಳಿಬಿಟ್ಟ. ಡೆಪಾಸಿಟ್ಟು ಇದ್ದದ್ದು 50 ರೂಪಾಯಿ, ಮುರಿದುಕೊಂಡೆ.