ಸೋಲನ್ನಿನ ನೀರು

ದೆಹಲಿಯ ಸೆಕೆಗೆ ಬೆಂದ ನಮ್ಮವರು ಕಾಲ್ಕಾದಲ್ಲಿ ಚಿಕ್ಕ ರೈಲು ಹತ್ತಿದರೆಂದರೆ ಕಣ್ಣೆಲ್ಲ ಸಿಮ್ಲಾದ ಮೇಲೆಯೇ. ನಡುದಾರಿಯ ಸೋಲನ್ ಅವರಿಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನ ಊರು. 1903ರಲ್ಲಿ ತೆರೆದ ಈ ಹಳಿ 96 ಕಿಲೋಮೀಟರು ಬೆಟ್ಟ ಸುತ್ತುತ್ತದೆ. ಬರೋಗಿನಲ್ಲಿ ಒಂದು ಕಿಲೋಮೀಟರಿಗೂ ಮಿಕ್ಕ ಸುರಂಗ ದಾಟಿದರೆ ಸೋಲನ್. ಅದರ ಮುಂದೆಯೇ ‘ಸೋಲನ್ ಬ್ರೂವರಿ’ ಎಂಬ ಪುಟ್ಟ ನಿಲ್ದಾಣ. ಬಿಯರ್ ಕಾರ್ಖಾನೆಯ ಹೆಸರನ್ನೇ ಹೊತ್ತ ಈ ಸ್ಟೇಷನ್ನನ್ನು ನೋಡಲೆಂದೇ ನಾವು ಕಳೆದ ಮೇ ತಿಂಗಳಲ್ಲಿ ಹೋದೆವು. ಬಿಯರು ಮುಟ್ಟದ ಗುಮಾಸ್ತನಿಗೆ ಅಲ್ಲೇನು ಕೆಲಸವೆಂದು ಓದುಗರು ಕೇಳಬಹುದು.

ಕೆಲಸ ನನ್ನ ಭಾವಮೈದುನನದು. ಬೆಂಗಳೂರಿನಲ್ಲಿ, ಬಿಯರನ್ನು ಅಲ್ಲಿಯೇ ತಯಾರಿಸಿ ಕೊಡುವ ಸಣ್ಣ ಬ್ರೂವರಿ ತೆರೆಯಬೇಕೆಂದು ಅವನ ಹಟ. ಬಂಡವಾಳವೆಂದರೆ ಮದ್ದೂರಿನ ಕಡೆಯ ಎರಡು ಎಕರೆ ಕಬ್ಬಿನ ಗದ್ದೆ ಮಾರಿದ ಹಣ. ಮಾವನವರು ಪತ್ರಕ್ಕೆ ಸಹಿ ಹಾಕಿದರು. ಅಂದಿನಿಂದ ಮಗನೊಡನೆ ಮಾತು ಬಿಟ್ಟರು. ಯಂತ್ರ ಮಾಡುವವರನ್ನು ಕಾಣಲು ದೆಹಲಿಗೆ ಬಂದವನು, “ಭಾವ, ನೀವು ಲೆಕ್ಕದವರು, ಜೊತೆಗೆ ಬನ್ನಿ” ಎಂದ.

ಎರಡು ದಿನ ದೆಹಲಿಯ ಹೊರವಲಯದ ಷೆಡ್ಡುಗಳನ್ನು ಸುತ್ತಿದೆವು. ಕೆಲಸದ ಮೊದಲರ್ಧ ನಮ್ಮ ಮನೆಗಳಿಗೆ ಹೊಸದಲ್ಲ. ನಾವು ರಾಗಿಯನ್ನು ಮಾಡುವಂತೆ ಬಾರ್ಲಿಯನ್ನು ಮೊಳಕೆ ಕಟ್ಟಿ ಒಣಗಿಸಿರುತ್ತಾರೆ. ಅದನ್ನು ನುಚ್ಚಾಗುವಂತೆ ಒಡೆಯಬೇಕು, ಹಿಟ್ಟಾಗಬಾರದು. ಸಿಪ್ಪೆಯೇ ಮುಂದೆ ಸೋಸುವ ಹಾಸು. ಸುಮಾರು 65 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವು ಸಕ್ಕರೆಯಾಗುತ್ತದೆ. ಜಾಲರಿ ತಳದ ಪಾತ್ರೆಯಲ್ಲಿ ಆ ಸಿಹಿರಸವನ್ನು ಬಸಿದು, ಕೊಪ್ಪರಿಗೆಯಲ್ಲಿ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಬೇಗನೆ ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುವುದು.

ಮಾರುವವರೆಲ್ಲ ಕೊಪ್ಪರಿಗೆಯನ್ನೇ ಹೊಗಳಿದರು. ತಾಮ್ರದ ಹೊದಿಕೆಯಿದ್ದರೆ ಗಿರಾಕಿಯ ಕಣ್ಣಿಗೆ ಚೆಂದ, 1000 ಲೀಟರಿನದೇ ಕೊಳ್ಳಿ, ಮುಂದೆ ಚಿಂತೆಯಿಲ್ಲ ಎಂದರು. ನಾನು ಚೀಟಿಯ ಬೆನ್ನಿನ ಮೇಲೆ ಲೆಕ್ಕ ಹಾಕಿದೆ. ಒಂದು ಅಡುಗೆ ಒಂದು ಹಗಲಿನಲ್ಲಿ ಮುಗಿಯುತ್ತದೆ. ಆದರೆ ಹುದುಗಿ ಹದಕ್ಕೆ ಬರಲು ಏಲ್ ಎಂಬ ಜಾತಿಗೆ ಎರಡು ವಾರ, ಲಾಗರಿಗೆ ತಿಂಗಳೇ ಬೇಕಾದೀತು. ಹುದುಗುಪಾತ್ರೆಗಳು ನಾಲ್ಕೇ ಇದ್ದರೆ ಎರಡು ವಾರಕ್ಕೆ ನಾಲ್ಕೇ ಅಡುಗೆ. ಉಳಿದ ಹತ್ತು ದಿನ ಕೊಪ್ಪರಿಗೆ ಖಾಲಿ. ಅದು ಎಷ್ಟು ದೊಡ್ಡದಾದರೇನು?

ಮೂರನೆಯ ದಿನ ಸೋಲನ್ನಿಗೆ ಬಂದೆವು. ಎಡ್ವರ್ಡ್ ಡೈಯರ್ ಎಂಬಾತ ಮೊದಲು ಬ್ರೂವರಿ ಹೂಡಿದ್ದು ಹತ್ತಿರದ ಕಸೌಲಿಯಲ್ಲಿ. ಇಂದಿನ ಮೋಹನ್ ಮೀಕಿನ್ ಕಂಪೆನಿ ತನ್ನ ಹುಟ್ಟಿನ ವರ್ಷವನ್ನು 1855 ಎಂದು ಬರೆದುಕೊಳ್ಳುತ್ತದೆ. ಜಲಿಯನ್‌ವಾಲಾ ಬಾಗಿನ ಡೈಯರ್ ಈತನ ಮಗನೇ. ರೈಲಿಲ್ಲದ ಆ ಕಾಲದಲ್ಲಿ ವಿಲಾಯತಿ ಪಾತ್ರೆಗಳು ಎತ್ತಿನ ಗಾಡಿಯಲ್ಲಿ ಬೆಟ್ಟ ಹತ್ತಿದವಂತೆ. ಅಷ್ಟು ಕಷ್ಟಪಟ್ಟ ಮೇಲೂ ಬಿಯರಿನ ಕೆಲಸವನ್ನು ಸೋಲನ್ನಿಗೆ ಸಾಗಿಸಿದರು. ಕಾರಣ, ಇಲ್ಲಿಯ ಬುಗ್ಗೆಯ ನೀರು. ಕಸೌಲಿಯಲ್ಲಿ ಭಟ್ಟಿಯ ಕೆಲಸ ಉಳಿಯಿತು.

ಹಳಿಯ ಪಕ್ಕದ ಹಳೆಯ ಕಟ್ಟಡಗಳನ್ನು ನೋಡುತ್ತ ಭಾವಮೈದುನ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಭಾವ, ಇವರು ನೀರಿದ್ದಲ್ಲಿಗೆ ಪಾತ್ರೆ ಹೊತ್ತುಕೊಂಡು ಬಂದರು. ನನಗೆ ಕೊಳವೆಬಾವಿಯ ಗಡಸು ನೀರು, ಅದೂ ಟ್ಯಾಂಕರಿನಲ್ಲಿ” ಎಂದ. ಒಂದು ಲೀಟರು ಬಿಯರಿಗೆ ತೊಳೆಯುವುದೂ ಸೇರಿ ಹಲವು ಲೀಟರು ನೀರು ಬೇಕು.

ಅಲ್ಲಿಯೇ ಪಟ್ಟಿಯನ್ನು ಹೊಸದಾಗಿ ಬರೆದೆವು. ಮೊದಲು ನೀರು ಶುದ್ಧಿಮಾಡುವ ಯಂತ್ರ. ಬಳಿಕ 500 ಲೀಟರಿನ, ತಾಮ್ರದ ಹೊದಿಕೆಯಿಲ್ಲದ ಉಕ್ಕಿನ ಕೊಪ್ಪರಿಗೆ. ಉಳಿದ ಹಣಕ್ಕೆಲ್ಲ ಹುದುಗುಪಾತ್ರೆಗಳು. ಅವುಗಳಲ್ಲಿ ಎರಡು 1000 ಲೀಟರಿನವು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಡುಗೆ ಮಾಡಿದರೆ ಅವೂ ತುಂಬುತ್ತವೆ. ತುಂಬಿದ ಪಾತ್ರೆ ಒಂದು ಟನ್ನಿಗೂ ಮಿಕ್ಕು ತೂಗುವುದರಿಂದ ಎಲ್ಲವೂ ನೆಲ ಅಂತಸ್ತಿನಲ್ಲಿ.

ಸಂಜೆ ನಾನೇ ಮಾವನವರಿಗೆ ಫೋನು ಮಾಡಿ ವಿವರ ಹೇಳಿದೆ. ಪ್ರಾಯದಲ್ಲಿ ಆಲೆಮನೆ ನಡೆಸಿದವರು ಅವರು. ಎಲ್ಲವನ್ನೂ ಕೇಳಿ, “ಕೊಪ್ಪರಿಗೆಯ ತಳಕ್ಕೆ ನೇರವಾಗಿ ಉರಿ ಕೊಡುತ್ತಾನೆಯೇ? ಸೀದುಹೋದೀತು, ಕೇಳಿ ನೋಡಿ” ಎಂದರು. ನಾನು ಫೋನನ್ನು ಮಗನ ಕೈಗೆ ಕೊಟ್ಟೆ. “ಇಲ್ಲ ಅಪ್ಪ, ಹಬೆಯಲ್ಲಿ ಕಾಯಿಸುವುದು” ಎಂದು ಅವನು ವಿವರಿಸತೊಡಗಿದ. ಅತ್ತಲಿಂದ ಮತ್ತೊಂದು ಪ್ರಶ್ನೆ ಬಂದಿರಬೇಕು. ಅವನು ಪಟ್ಟಿ ಬಿಡಿಸಿಕೊಂಡು ಕಟ್ಟೆಯ ಮೇಲೆ ಕುಳಿತ.